ಸ್ತನದ ಲಿಫ್ಟ್ ಶಸ್ತ್ರಚಿಕಿತ್ಸೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಸ್ತನದಲ್ಲಿ ಗಂಟು ಕಾಣಿಸಿಕೊಂಡರೆ ಏನು ಮಾಡಬೇಕೆಂದು ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಗಂಟನ್ನು ಕುರಿತವಾಗಿರಲಿಲ್ಲ. ಜೋತುಬಿದ್ದ ಸ್ತನವನ್ನು ಮೇಲೆತ್ತಿಸಿಕೊಳ್ಳುವ ಶಸ್ತ್ರಚಿಕಿತ್ಸೆಯನ್ನು ಕುರಿತವಾಗಿದ್ದವು. ಒಬ್ಬರು ‘ನನ್ನ ಹೆಸರೂ ಬೇಡ, ಊರೂ ಬೇಡ, ಉತ್ತರ ಮಾತ್ರ ಬೇಕು’ ಎಂದು ಬರೆದು ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು. ಹಾಸನದ ನನ್ನ ಕ್ಲಿನಿಕ್ಕಿನಲ್ಲೂ ನಡೆಯುವುದು ಇದೇ. ಹೊಟ್ಟೆನೋವೆಂದು ಬಂದವರು ಔಷಧಿ ಚೀಟಿ ತೆಗೆದುಕೊಂಡು ಬಾಗಿಲವರೆಗೆ ಹೋಗಿ, ಸೆರಗು ಸರಿಮಾಡಿಕೊಳ್ಳುತ್ತ ಹಿಂತಿರುಗಿ, ‘ಇನ್ನೊಂದು ಕೇಳೋದಿತ್ತು ಡಾಕ್ಟ್ರೇ’ ಎನ್ನುತ್ತಾರೆ. ನಾನು ಜನರಲ್ ಸರ್ಜನ್. ಈ ಶಸ್ತ್ರಚಿಕಿತ್ಸೆ ಪ್ಲಾಸ್ಟಿಕ್ ಸರ್ಜನ್‌ಗಳ ಕೆಲಸ. ಅದನ್ನು ನಾನು ಮಾಡುವುದಿಲ್ಲವಾದ್ದರಿಂದ, ಮಾಡಿಸಿಕೊಳ್ಳಿ ಎನ್ನುವುದರಲ್ಲಾಗಲಿ ಬೇಡ ಎನ್ನುವುದರಲ್ಲಾಗಲಿ ನನಗೆ ಲಾಭವಿಲ್ಲ. ವೈದ್ಯಕೀಯದಲ್ಲಿ ಇದಕ್ಕೆ ಮಾಸ್ಟೊಪೆಕ್ಸಿ ಎಂಬ ಹೆಸರಿದೆ; ಆಡುಮಾತಿನಲ್ಲಿ ಬ್ರೆಸ್ಟ್ ಲಿಫ್ಟ್. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಬರೆದವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 39 ವರ್ಷ, ಇಬ್ಬರು ಮಕ್ಕಳು. ನಡಿಗೆ ಮತ್ತು ಊಟದ ಪಥ್ಯದಿಂದ ಎರಡು ವರ್ಷದಲ್ಲಿ ಸುಮಾರು 20 ಕೆ.ಜಿ. ತೂಕ ಇಳಿಸಿಕೊಂಡೆ. ಈಗ ಸ್ತನಗಳು ಖಾಲಿ ಚೀಲದಂತೆ ಜೋತಿವೆ. ಮಕ್ಕಳಿಗೆ ಎರಡೆರಡು ವರ್ಷ ಹಾಲು ಕುಡಿಸಿದ್ದರಿಂದಲೇ ಹೀಗಾಯಿತು ಎಂದು ನಮ್ಮ ಅತ್ತೆ ಹೇಳುತ್ತಾರೆ. ಎಣ್ಣೆ ತಿಕ್ಕುವುದರಿಂದ, ವ್ಯಾಯಾಮದಿಂದ ಸರಿಹೋಗುವುದೇ? ಶಸ್ತ್ರಚಿಕಿತ್ಸೆಯೇ ಆಗಬೇಕೆ? (ಸಕಲೇಶಪುರ)

ಉತ್ತರ: ಮೊದಲು ಅತ್ತೆಯವರ ಮಾತನ್ನು ನೋಡೋಣ, ಏಕೆಂದರೆ ನನಗೆ ಬಂದ ಪತ್ರಗಳಲ್ಲಿ ಇದು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪ್ಲಾಸ್ಟಿಕ್ ಸರ್ಜನ್‌ಗಳು ತಮ್ಮಲ್ಲಿಗೆ ಬಂದ ಮಹಿಳೆಯರನ್ನು ಇದೇ ಪ್ರಶ್ನೆಯಿಟ್ಟುಕೊಂಡು ಅಧ್ಯಯನ ಮಾಡಿದ್ದರು. ಸ್ತನ ಜೋಲುವುದಕ್ಕೂ ವಯಸ್ಸು, ಗರ್ಭಧಾರಣೆಗಳ ಸಂಖ್ಯೆ, ದೇಹದ ತೂಕ, ಸ್ತನದ ಮೂಲ ಗಾತ್ರ ಮತ್ತು ಧೂಮಪಾನಕ್ಕೂ ಸಂಬಂಧ ಕಂಡಿತೇ ಹೊರತು, ಹಾಲು ಕುಡಿಸಿದ್ದೇ ಕಾರಣವೆಂದು ಕಾಣಲಿಲ್ಲ. ಬಸುರಿನಲ್ಲಿ ಹಾಲಿನ ಗ್ರಂಥಿಗಳು ಬೆಳೆದು ಚರ್ಮ ಹಿಗ್ಗುತ್ತದೆ, ಆಮೇಲೆ ಗ್ರಂಥಿಗಳು ಕುಗ್ಗುತ್ತವೆ, ಹಿಗ್ಗಿದ ಚರ್ಮ ಮಾತ್ರ ಪೂರ್ತಿ ಹಿಂದಿನ ಸ್ಥಿತಿಗೆ ಬರುವುದಿಲ್ಲ. ಮಗುವಿಗೆ ಒಂದು ದಿನವೂ ಹಾಲು ಕುಡಿಸದ ತಾಯಿಯಲ್ಲೂ ಹೀಗೆಯೇ ಆಗುತ್ತದೆ. ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ಬಾಣಂತಿಯರಿದ್ದರೆ, ಆಕಾರ ಕೆಡುತ್ತದೆಂದು ಹೆದರಿ ಮಗುವಿನ ಹಾಲು ಬಿಡಿಸದಂತೆ ದಯವಿಟ್ಟು ನೀವೇ ಹೇಳಿ.

ಸ್ತನದೊಳಗೆ ಮಾಂಸಖಂಡವಿಲ್ಲ. ಹಾಲಿನ ಗ್ರಂಥಿ ಮತ್ತು ಕೊಬ್ಬನ್ನು ಚರ್ಮಕ್ಕೂ ಒಳಪದರಕ್ಕೂ ಕಟ್ಟಿಹಿಡಿಯುವ ತೆಳುವಾದ ನಾರಿನ ಎಳೆಗಳಿವೆ. 1840ರಲ್ಲಿ ಸ್ತನದ ರಚನೆಯನ್ನು ವಿವರಿಸಿ ಬರೆದ ಇಂಗ್ಲೆಂಡಿನ ಸರ್ಜನ್ ಆಸ್ಟ್ಲಿ ಕೂಪರ್ ಅವರ ಹೆಸರಿನಲ್ಲಿ ಅವನ್ನು ಕೂಪರ್ ತಂತುಗಳೆಂದು ಕರೆಯುತ್ತೇವೆ. ಈ ಎಳೆಗಳೂ ಮೇಲಿನ ಚರ್ಮವೂ ಹಿಗ್ಗಿ ಸಡಿಲವಾದಾಗ ಸ್ತನ ಕೆಳಗಿಳಿಯುತ್ತದೆ. ಅದರ ಹಿಂದೆ, ಎದೆಗೂಡಿನ ಮೇಲಿರುವ ಮಾಂಸಖಂಡವನ್ನು ವ್ಯಾಯಾಮದಿಂದ ಗಟ್ಟಿಮಾಡಿಕೊಳ್ಳಬಹುದು. ಭುಜ ನೆಟ್ಟಗಾಗುತ್ತದೆ, ನಿಲುವು ಚೆನ್ನಾಗುತ್ತದೆ. ಆದರೆ ಗೋಡೆ ಗಟ್ಟಿಯಾದ ಮಾತ್ರಕ್ಕೆ ಅದರ ಮೇಲೆ ತೂಗುಹಾಕಿದ ಚೀಲ ಮೇಲೇರುವುದಿಲ್ಲ. ಎಣ್ಣೆ ಮತ್ತು ಕ್ರೀಮುಗಳಿಂದ ಚರ್ಮ ಮೃದುವಾದೀತು, ಅಷ್ಟೇ. ಒಳ್ಳೆಯ ಅಳತೆಯ ಒಳಉಡುಪು ಧರಿಸಿದಷ್ಟು ಹೊತ್ತು ಆಕಾರ ಕೊಡುತ್ತದೆ. ಎಷ್ಟೋ ಜನರಿಗೆ ಅದೇ ಸಾಕಾಗುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಜೋತ ಸ್ತನ ಕಾಯಿಲೆಯಲ್ಲ. ಹಾಗೆಯೇ ಬಿಟ್ಟರೆ ಅದರಿಂದ ಆರೋಗ್ಯಕ್ಕೆ ಹಾನಿಯೇನೂ ಇಲ್ಲ.

ಇನ್ನು ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆಂಬುದು. ರವಿಕೆ ಹೊಲಿಸಿಕೊಂಡವರಿಗೆ ಇದನ್ನು ವಿವರಿಸುವುದು ಸುಲಭ. ರವಿಕೆ ದೊಗಲೆಯಾದರೆ ಟೈಲರ್ ಹೆಚ್ಚಿನ ಬಟ್ಟೆಯನ್ನು ಒಳಕ್ಕೆ ತೆಗೆದುಕೊಂಡು ಟಕ್ಸ್ ಹಿಡಿಯುತ್ತಾರೆ. ಎಷ್ಟು ಬಟ್ಟೆ ತೆಗೆಯಬೇಕೋ ಅಷ್ಟು ಉದ್ದದ ಹೊಲಿಗೆ ಉಳಿಯುತ್ತದೆ. ಇಲ್ಲಿಯೂ ಹೆಚ್ಚಾದ ಚರ್ಮವನ್ನು ತೆಗೆದು, ಒಳಗಿನ ಗ್ರಂಥಿಯನ್ನು ಒತ್ತಟ್ಟಿಗೆ ತಂದು ಹೊಲಿದು, ತೊಟ್ಟನ್ನು ಮೇಲಿನ ಜಾಗಕ್ಕೆ ತರುತ್ತಾರೆ. ತೊಟ್ಟನ್ನು ಕಿತ್ತು ಬೇರೆಡೆ ಅಂಟಿಸುತ್ತಾರೆಂಬ ಹೆದರಿಕೆ ಕೆಲವರಲ್ಲಿದೆ. ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ರಕ್ತನಾಳ ಮತ್ತು ನರಗಳಿರುವ ಅಂಗಾಂಶಕ್ಕೆ ಅಂಟಿಕೊಂಡಿದ್ದಂತೆಯೇ ಅದನ್ನು ಮೇಲಕ್ಕೆ ಸರಿಸುತ್ತಾರೆ.

ನಾನು ಔಷಧಿ ಚೀಟಿಯ ಹಿಂಬದಿಯಲ್ಲಿ ಮೂರು ಚಿತ್ರ ಬರೆದು ತೋರಿಸುತ್ತೇನೆ. ಜೋಲು ಅಲ್ಪವಿದ್ದರೆ ತೊಟ್ಟಿನ ಸುತ್ತಲಿನ ಕಪ್ಪು ವಲಯದ ಅಂಚಿನಲ್ಲಿ ಒಂದು ವೃತ್ತ, ಅಷ್ಟೇ. ಮಧ್ಯಮವಾಗಿದ್ದರೆ ಆ ವೃತ್ತದ ಜೊತೆಗೆ ಅಲ್ಲಿಂದ ಕೆಳಗಿನ ಮಡಿಕೆಯವರೆಗೆ ನೇರವಾದ ಒಂದು ಗೆರೆ; ಮಕ್ಕಳು ತಿನ್ನುವ ಕಡ್ಡಿ ಮಿಠಾಯಿಯಂತೆ. ಜೋಲು ಹೆಚ್ಚಿದ್ದರೆ ಇವೆರಡರ ಜೊತೆಗೆ ಮಡಿಕೆಯ ಉದ್ದಕ್ಕೂ ಅಡ್ಡವಾದ ಇನ್ನೊಂದು ಗೆರೆ. ಯಾವುದು ಬೇಕೆಂಬುದು ತೊಟ್ಟು ಎಲ್ಲಿದೆ ಎಂಬುದರ ಮೇಲೆ ನಿಂತಿದೆ: ಅದು ಸ್ತನದ ಕೆಳಗಿನ ಮಡಿಕೆಯ ಮಟ್ಟದಲ್ಲಿದ್ದರೆ ಮೊದಲ ಹಂತ, ಮಡಿಕೆಗಿಂತ ಕೆಳಗಿಳಿದಿದ್ದರೆ ಎರಡನೆಯದು, ಸ್ತನದ ಅತ್ಯಂತ ಕೆಳಗಿನ ಅಂಚಿಗೆ ಬಂದು ನೆಲದ ಕಡೆ ಮುಖಮಾಡಿದ್ದರೆ ಮೂರನೆಯದು. ‘ಕಲೆಯೇ ಇರದಂತೆ ಎತ್ತಿಕೊಡುತ್ತೇವೆ’ ಎಂದು ಮೂರನೆಯ ಹಂತದವರಿಗೆ ಯಾರಾದರೂ ಹೇಳಿದರೆ, ಅವರು ವೈದ್ಯಕೀಯ ಮಾತಾಡುತ್ತಿಲ್ಲ, ವ್ಯಾಪಾರದ ಮಾತಾಡುತ್ತಿದ್ದಾರೆ.

ನಿಮ್ಮ ವಿಷಯದಲ್ಲಿ ಇನ್ನೆರಡು ಮಾತು. ತೂಕ ಇಳಿಸುವುದು ಇನ್ನೂ ನಡೆದಿದ್ದರೆ ಕಾಯಿರಿ. ಕನಿಷ್ಠ ಆರು ತಿಂಗಳಾದರೂ ತೂಕ ಒಂದೇ ಮಟ್ಟದಲ್ಲಿ ನಿಂತ ಮೇಲೆ ಮಾಡಿಸಿಕೊಂಡರೆ ಫಲ ಉಳಿಯುತ್ತದೆ. ಎರಡನೆಯದಾಗಿ, ಲಿಫ್ಟ್ ಎಂದರೆ ಇರುವುದನ್ನು ಮೇಲೆ ತರುವುದೇ ಹೊರತು ಇಲ್ಲದ್ದನ್ನು ತುಂಬುವುದಲ್ಲ. ನೀವು ಬರೆದಂತೆ ಸ್ತನ ‘ಖಾಲಿ’ಯಾಗಿದ್ದರೆ, ಎತ್ತಿದ ಮೇಲೂ ಮೇಲ್ಭಾಗ ಚಪ್ಪಟೆಯಾಗಿಯೇ ಕಾಣಬಹುದು. ಆಗ ಸಿಲಿಕೋನ್ ಇಂಪ್ಲಾಂಟ್, ಅಂದರೆ ಸ್ತನ ತುಂಬಿ ಕಾಣಲು ಒಳಗಿಡುವ ಕೃತಕ ಚೀಲ, ಸೇರಿಸುವ ಪ್ರಸ್ತಾಪ ಬರುತ್ತದೆ. ಇಂಪ್ಲಾಂಟ್ ಜೀವಮಾನದ ವಸ್ತುವಲ್ಲ, ಮುಂದೊಂದು ದಿನ ಬದಲಿಸಬೇಕಾಗಿ ಬರಬಹುದು. ಸುತ್ತಲೂ ಗಟ್ಟಿ ಪೊರೆ ಕಟ್ಟಿಕೊಂಡು ನೋವು ಕೊಡಬಹುದು. ಒರಟು ಮೇಲ್ಮೈಯ ಕೆಲವು ಇಂಪ್ಲಾಂಟ್‌ಗಳಿಗೂ ಅಪರೂಪದ ಒಂದು ಲಿಂಫೋಮಾ ಕ್ಯಾನ್ಸರಿಗೂ ನಂಟು ಕಂಡುಬಂದು 2019ರಲ್ಲಿ ಅಲರ್ಗನ್ ಕಂಪನಿ ಅಂಥವನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದು ನಿಮ್ಮ ಆಯ್ಕೆ. ಆದರೆ ಅದು ಲಿಫ್ಟಿನ ಒಂದು ಸಣ್ಣ ಬಾಲಂಗೋಚಿಯಲ್ಲ, ಬೇರೆಯದೇ ನಿರ್ಧಾರ ಎಂದು ತಿಳಿದು ಯೋಚಿಸಿ.

ಪ್ರಶ್ನೆ: ನನಗೆ 26 ವರ್ಷ. ಮದುವೆ ನಿಶ್ಚಯವಾಗಿದೆ. ನನ್ನ ಸ್ತನಗಳು ಮೊದಲಿನಿಂದಲೂ ಸ್ವಲ್ಪ ಜೋತಿವೆ, ಎರಡೂ ಒಂದೇ ಅಳತೆಯಲ್ಲೂ ಇಲ್ಲ. ಮದುವೆಗೆ ಮುಂಚೆಯೇ ಯಾರಿಗೂ ತಿಳಿಯದಂತೆ ಮಾಡಿಸಿಕೊಳ್ಳಬಹುದೇ? ಮುಂದೆ ಮಗುವಿಗೆ ಹಾಲು ಕುಡಿಸಲು ತೊಂದರೆಯಾಗುವುದೇ? (ಚಿಕ್ಕಮಗಳೂರು)

ಉತ್ತರ: ಎರಡು ಸ್ತನಗಳು ಅಚ್ಚು ಹೊಡೆದಂತೆ ಒಂದೇ ಅಳತೆಯಲ್ಲಿರುವುದು ಅಪರೂಪ, ಸಣ್ಣ ವ್ಯತ್ಯಾಸ ಬಹುತೇಕ ಎಲ್ಲರಲ್ಲೂ ಇರುತ್ತದೆ. ಮದುವೆಯಾಗದವರ ಸ್ತನ ಜೋಲುವುದಿಲ್ಲ ಎಂಬುದೂ ತಪ್ಪು ಕಲ್ಪನೆ. ಸ್ತನದ ಗಾತ್ರ ಮತ್ತು ಚರ್ಮದ ಗುಣ ಹುಟ್ಟಿನಿಂದ ಬರುವಂಥವು.

ವಯಸ್ಸಿನ ದೃಷ್ಟಿಯಿಂದ ಅಡ್ಡಿಯಿಲ್ಲ, ಆದರೆ ನನ್ನ ಅಭಿಪ್ರಾಯ ಕಾಯುವುದೇ ಒಳಿತು ಎಂಬುದು. ಮುಂದೆ ನೀವು ಬಸುರಿಯಾದಾಗ ಚರ್ಮ ಮತ್ತೆ ಹಿಗ್ಗುತ್ತದೆ. ಆಗ ಕೊಟ್ಟ ಹಣ, ಪಟ್ಟ ನೋವು ಉಳಿದು ಆಕಾರ ಮಾತ್ರ ಹೋಗುತ್ತದೆ. ಹಾಲಿನ ವಿಷಯದಲ್ಲಿ ಖಚಿತವಾಗಿ ಹೌದು ಅಥವಾ ಇಲ್ಲ ಎನ್ನಲಾಗದು. ಬರೀ ಲಿಫ್ಟಿನ ನಂತರ ಅನೇಕರು ಹಾಲು ಕುಡಿಸುತ್ತಾರೆ, ಆದರೆ ಗ್ರಂಥಿಯನ್ನು ಕೊಯ್ದು ಮರುಜೋಡಿಸುವಾಗ ಕೆಲವು ಹಾಲುನಾಳಗಳೂ ತೊಟ್ಟಿಗೆ ಹೋಗುವ ನರಗಳೂ ತುಂಡಾಗಬಹುದು, ಆಗ ಹಾಲು ಕಡಿಮೆಯಾಗುವ ಸಾಧ್ಯತೆಯಿದೆ. ಮಕ್ಕಳಾಗುವುದು ಮುಗಿದ ಮೇಲೆ, ಹಾಲು ಬಿಡಿಸಿ ಕೆಲವು ತಿಂಗಳು ಕಳೆದ ಮೇಲೆ ಮಾಡಿಸುವುದು ಒಳ್ಳೆಯದೆಂದು ಸರ್ಜನ್‌ಗಳು ಹೇಳುವುದು ಇದಕ್ಕಾಗಿಯೇ.

‘ಯಾರಿಗೂ ತಿಳಿಯದಂತೆ’ ಎಂದು ಬರೆದಿದ್ದೀರಿ. ನಿಮ್ಮ ದೇಹದ ವಿಷಯ ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ, ಅದರಲ್ಲಿ ಸಂದೇಹ ಬೇಡ. ಆದರೆ ಪೂರ್ತಿ ಅರಿವಳಿಕೆಯಲ್ಲಿ ಎರಡು ಮೂರು ಗಂಟೆ ನಡೆಯುವ ಶಸ್ತ್ರಚಿಕಿತ್ಸೆಗೆ ಒಬ್ಬರೇ ಹೋಗಿ ಒಬ್ಬರೇ ಬಸ್ಸು ಹತ್ತಿ ಬರಲಾಗುವುದಿಲ್ಲ. ಅಮ್ಮನೋ ಅಕ್ಕನೋ ಗೆಳತಿಯೋ, ನಂಬುವ ಒಬ್ಬರಾದರೂ ಜೊತೆಗಿರಬೇಕು. ಮದುವೆಯ ದಿನಾಂಕವನ್ನು ಗಡುವಾಗಿಟ್ಟುಕೊಂಡು ಇಂಥ ನಿರ್ಧಾರ ಮಾಡುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ, ಗಾಯದ ಕಲೆ ಕೆಂಪಗೆ ಕಾಣುವುದು ಮೊದಲ ತಿಂಗಳುಗಳಲ್ಲೇ.

ಪ್ರಶ್ನೆ: ನಾನು ಶಿಕ್ಷಕಿ, 45 ವರ್ಷ. ಸ್ತನದ ಭಾರದಿಂದ ಕುತ್ತಿಗೆ, ಭುಜ ನೋಯುತ್ತವೆ. ಒಳಉಡುಪಿನ ಪಟ್ಟಿ ಭುಜದಲ್ಲಿ ಕೊರೆದು ಗುರುತು ಬಿದ್ದಿದೆ. ಮಳೆಗಾಲದಲ್ಲಿ ಸ್ತನದ ಕೆಳಗಿನ ಮಡಿಕೆಯಲ್ಲಿ ಕೆಂಪಗಾಗಿ ತುರಿಸುತ್ತದೆ, ನೀರಾಡುತ್ತದೆ. ಲಿಫ್ಟ್ ಮಾಡಿಸಿದರೆ ಇದೆಲ್ಲ ಹೋಗುವುದೇ? (ಬೇಲೂರು)

ಉತ್ತರ: ನೀವು ಹೇಳುತ್ತಿರುವುದು ಭಾರದ ತೊಂದರೆ. ಲಿಫ್ಟಿನಲ್ಲಿ ಮುಖ್ಯವಾಗಿ ಚರ್ಮ ಕಡಿಮೆಯಾಗುತ್ತದೆ, ಭಾರ ಹಾಗೆಯೇ ಇರುತ್ತದೆ. ನಿಮಗೆ ಕೇಳಬೇಕಾದ ಶಸ್ತ್ರಚಿಕಿತ್ಸೆಯ ಹೆಸರು ಬ್ರೆಸ್ಟ್ ರಿಡಕ್ಷನ್, ಅಂದರೆ ಗ್ರಂಥಿ ಮತ್ತು ಕೊಬ್ಬನ್ನೂ ತೆಗೆದು ಗಾತ್ರ ಇಳಿಸುವುದು. ಅದರಲ್ಲಿ ಸ್ತನ ತಾನಾಗಿಯೇ ಮೇಲೂ ಬರುತ್ತದೆ. ಕಲೆಗಳು ಲಿಫ್ಟಿನಂತೆಯೇ ಇರುತ್ತವೆ. ಕುತ್ತಿಗೆ ಮತ್ತು ಭುಜದ ನೋವಿನಲ್ಲಿ ಇದರಿಂದ ನಿಜವಾದ ಸುಧಾರಣೆ ಕಾಣುತ್ತದೆ.

ಮಡಿಕೆಯ ತುರಿಕೆಗೆ ಶಸ್ತ್ರಚಿಕಿತ್ಸೆಯವರೆಗೆ ಕಾಯಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಅರೆ ಒದ್ದೆಯ ಒಳಉಡುಪನ್ನೇ ಹಾಕಿಕೊಂಡು ಶಾಲೆಗೆ ಹೊರಡುವುದು ನನಗೆ ಗೊತ್ತಿರುವ ಸಂಗತಿ. ಅಲ್ಲಿ ಬೆಳೆಯುವುದು ಹೆಚ್ಚಾಗಿ ಫಂಗಸ್. ಸ್ನಾನದ ನಂತರ ಮಡಿಕೆಯನ್ನು ಒತ್ತಿ ಒರೆಸಿ, ಇಸ್ತ್ರಿ ಮಾಡಿ ಒಣಗಿಸಿದ ಹತ್ತಿಯ ಒಳಉಡುಪು ಧರಿಸಿ, ವೈದ್ಯರು ಬರೆದುಕೊಟ್ಟ ಫಂಗಸ್ ಮುಲಾಮನ್ನು ಹೇಳಿದಷ್ಟು ದಿನ ಹಚ್ಚಿ. ಅಂಗಡಿಯಲ್ಲಿ ಕೇಳಿ ತರುವ, ಸ್ಟಿರಾಯ್ಡ್ ಬೆರೆತ ಮುಲಾಮು ಬೇಡ. ಎರಡು ದಿನ ಆರಾಮವೆನಿಸಿ ಆಮೇಲೆ ಇಮ್ಮಡಿಯಾಗುತ್ತದೆ. ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ನನಗೆ 52. ಮೂರು ತಿಂಗಳಿಂದ ಎಡ ಸ್ತನದ ತೊಟ್ಟು ಒಳಕ್ಕೆ ಎಳೆದುಕೊಂಡಿದೆ, ಆ ಬದಿ ಆಕಾರವೂ ಬದಲಾಗಿದೆ. ನೋವಿಲ್ಲ. ವಯಸ್ಸಿಗೆ ಜೋತಿದೆ ಎಂದುಕೊಂಡೆ. ಲಿಫ್ಟಿಗೆ ಎಷ್ಟು ಖರ್ಚಾಗುತ್ತದೆ? (ಅರಸೀಕೆರೆ)

ಉತ್ತರ: ಅಮ್ಮಾ, ಖರ್ಚಿನ ಲೆಕ್ಕ ಆಮೇಲೆ. ಈ ಪತ್ರಿಕೆ ಕೈಗೆ ಬಂದ ವಾರದಲ್ಲೇ ಸರ್ಜನ್ ಒಬ್ಬರಿಗೆ ತೋರಿಸಿ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ನಿಮಗೆ ಹತ್ತಿರವೇ ಇದೆ. ವಯಸ್ಸಿನ ಜೋಲು ಎರಡೂ ಬದಿ ನಿಧಾನವಾಗಿ ಬರುತ್ತದೆ. ಒಂದೇ ಬದಿ, ಕೆಲವೇ ತಿಂಗಳಲ್ಲಿ, ತೊಟ್ಟು ಹೊಸದಾಗಿ ಒಳಸರಿದರೆ ಅದು ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಬೇರೆ ಮಾತಿಲ್ಲ. ಚರ್ಮದಲ್ಲಿ ಗುಳಿ ಬೀಳುವುದು, ಕಿತ್ತಳೆ ಸಿಪ್ಪೆಯಂತಾಗುವುದು, ತೊಟ್ಟಿನಿಂದ ರಕ್ತ ಜಿನುಗುವುದು, ಕಂಕುಳಿನಲ್ಲಿ ಗಂಟು ಇವೂ ಹಾಗೆಯೇ. ನೋವಿಲ್ಲ ಎಂಬುದು ಸಮಾಧಾನದ ಲಕ್ಷಣವಲ್ಲ, ಆರಂಭದ ಕ್ಯಾನ್ಸರ್ ಬಹುತೇಕ ನೋಯುವುದೇ ಇಲ್ಲ. ಕೈಯಿಂದ ಪರೀಕ್ಷೆ, ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮತ್ತು ಅಲ್ಟ್ರಾಸೌಂಡ್, ಬೇಕಾದರೆ ಸೂಜಿಯಿಂದ ಚೂರು ತೆಗೆದು ಬಯಾಪ್ಸಿ: ಈ ಮೂರೂ ಆಗಲಿ. ಕ್ಯಾನ್ಸರ್ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ. ಪಡಿತರ ಚೀಟಿ, ಆಧಾರ್ ಕಾರ್ಡ್ ಜೊತೆಯಲ್ಲಿಟ್ಟುಕೊಂಡು ಹೋಗಿ.

ಪ್ರಶ್ನೆ: ನನ್ನ ಹೆಂಡತಿ ಬೆಂಗಳೂರಿನಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದಿದ್ದಾಳೆ. ನಮ್ಮದು ಸಣ್ಣ ಕಾಫಿ ತೋಟ, ಮನೆಯಲ್ಲಿ ಎರಡು ಹಸುಗಳಿವೆ. ಎಷ್ಟು ದಿನ ವಿಶ್ರಾಂತಿ ಬೇಕು? ಯಾವ ತಿಂಗಳು ಅನುಕೂಲ? (ಮೂಡಿಗೆರೆ)

ಉತ್ತರ: ಬಂದ ಪತ್ರಗಳಲ್ಲಿ ಗಂಡಸರು ಬರೆದದ್ದು ಇದೊಂದೇ. ಬೇಕೆಂದವರು ಅವರೇ ಎಂದು ಬರೆದಿದ್ದೀರಿ, ನಂಬಿ ಉತ್ತರಿಸುತ್ತಿದ್ದೇನೆ. ಉತ್ತರವನ್ನು ಅವರೂ ಓದಲಿ.

ತಯಾರಿಯಿಂದ ಆರಂಭಿಸುತ್ತೇನೆ. ಎಲೆ ಅಡಿಕೆಯ ಜೊತೆ ಅವರು ಹೊಗೆಸೊಪ್ಪು ಹಾಕುತ್ತಾರೆಯೇ? ಧೂಮಪಾನ ಮಾಡುತ್ತೀರಾ ಎಂದು ಸರ್ಜನ್ ಕೇಳಿದಾಗ ನಮ್ಮ ಕಡೆಯ ಹೆಂಗಸರು ‘ಛೇ, ಇಲ್ಲಪ್ಪ’ ಎನ್ನುತ್ತಾರೆ, ಅದು ನಿಜವೂ ಹೌದು, ಆದರೆ ಸೊಂಟದ ಚೀಲದಲ್ಲಿ ಹೊಗೆಸೊಪ್ಪಿನ ಚೂರಿರುತ್ತದೆ. ನಿಕೋಟಿನ್ ಯಾವ ದಾರಿಯಿಂದ ಬಂದರೂ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಹೊಸ ಜಾಗಕ್ಕೆ ಸರಿಸಿದ ತೊಟ್ಟು ಮತ್ತು ಚರ್ಮದ ಅಂಚುಗಳು ಬದುಕುವುದು ಅಂಥ ನಾಳಗಳನ್ನೇ ನಂಬಿಕೊಂಡು. ಶಸ್ತ್ರಚಿಕಿತ್ಸೆಗೆ ಮುಂಚೆ ನಾಲ್ಕು ವಾರ, ನಂತರ ನಾಲ್ಕು ವಾರ ಪೂರ್ತಿ ಬಿಡಬೇಕು. ಸಕ್ಕರೆ ಕಾಯಿಲೆ, ರಕ್ತಹೀನತೆ ಇದ್ದರೆ ಮೊದಲು ಹತೋಟಿಗೆ ಬರಲಿ. ರಕ್ತ ತೆಳುವಾಗಿಸುವ ಮಾತ್ರೆ, ನೋವಿನ ಮಾತ್ರೆ, ಗರ್ಭನಿರೋಧಕ ಮಾತ್ರೆ, ನಾಟಿ ಔಷಧಿ ಏನೇ ತೆಗೆದುಕೊಳ್ಳುತ್ತಿದ್ದರೂ ಹೇಳಲಿ. ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಬೇಡ.

ಶಸ್ತ್ರಚಿಕಿತ್ಸೆಯ ದಿನ ಅವರನ್ನು ನಿಲ್ಲಿಸಿಕೊಂಡೇ ಚರ್ಮದ ಮೇಲೆ ಪೆನ್ನಿನಿಂದ ಗೆರೆ ಹಾಕುತ್ತಾರೆ, ಮಲಗಿದರೆ ಸ್ತನ ಪಕ್ಕಕ್ಕೆ ಹರಡಿ ಅಳತೆ ತಪ್ಪುತ್ತದೆ. ಅದೇ ದಿನ ಅಥವಾ ಮರುದಿನ ಆಸ್ಪತ್ರೆಯಿಂದ ಬಿಡುತ್ತಾರೆ. ಆದರೆ ಬಿಟ್ಟ ಕೂಡಲೇ ಮೂಡಿಗೆರೆಗೆ ಹೊರಡಬೇಡಿ. ಮೊದಲ 24 ಗಂಟೆಗಳಲ್ಲಿ ಒಳಗೆ ರಕ್ತ ಶೇಖರವಾಗುವ ಭಯ ಹೆಚ್ಚು, ಆಗ ತಿರುಗಿ ಆಪರೇಷನ್ ಥಿಯೇಟರಿಗೆ ಒಯ್ಯಬೇಕಾಗಬಹುದು. ಮೊದಲ ಬಾರಿ ಗಾಯ ನೋಡಿ ಸರಿಯಿದೆ ಎನ್ನುವವರೆಗೆ, ಸುಮಾರು ಒಂದು ವಾರ, ಬೆಂಗಳೂರಿನಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಜಾಣತನ. ಮರಳುವಾಗ ದಾರಿಯಲ್ಲಿ ಎರಡು ಕಡೆ ಇಳಿದು ನಾಲ್ಕು ಹೆಜ್ಜೆ ನಡೆಯಲಿ; ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕು.

ಮೊದಲ ಮೂರು ನಾಲ್ಕು ದಿನ ನೋವು, ಬಾವು, ಕಪ್ಪು ನೀಲಿ ಕಲೆ ಇರುತ್ತವೆ. ಮಾತ್ರೆಗೆ ನೋವು ತಗ್ಗುತ್ತದೆ. ಅಂಗಾತ ಮಲಗಬೇಕು, ತಲೆದಿಂಬು ಎರಡಿರಲಿ. ಮುಂದೆ ಕೊಂಡಿಯಿರುವ, ಒಳಗೆ ತಂತಿಯಿಲ್ಲದ ಬಿಗಿಯಾದ ಒಳಉಡುಪನ್ನು ಹಗಲೂ ರಾತ್ರಿಯೂ ನಾಲ್ಕರಿಂದ ಆರು ವಾರ ಧರಿಸಬೇಕು. ಹತ್ತು ಹದಿನೈದು ದಿನಕ್ಕೆ ಕೂತು ಮಾಡುವ ಕೆಲಸ, ಸಣ್ಣಪುಟ್ಟ ಅಡುಗೆ ಆಗುತ್ತದೆ. ಆಗುವುದಿಲ್ಲವೆಂದರೆ ಇವು: ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚುವುದು, ನೀರಿನ ಕೊಡ ಎತ್ತುವುದು, ಹುಲ್ಲಿನ ಹೊರೆ ಹೊರುವುದು, ಬಟ್ಟೆ ಹಿಂಡುವುದು, ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸುವುದು. ನಾಲ್ಕೈದು ಕೆ.ಜಿ.ಗಿಂತ ಭಾರ ಆರು ವಾರ ಮುಟ್ಟಬಾರದು. ಹಾಲು ಕರೆಯುವುದು ಕೈಬೆರಳಿನ ಕೆಲಸವೆಂದು ತೋರಿದರೂ ಅದರ ಬಲ ಬರುವುದು ಎದೆ ಮತ್ತು ತೋಳಿನಿಂದ. ಹಸು ಕಾಲು ಝಾಡಿಸುವುದು ಬೇರೆ. ಆ ಆರು ವಾರ ಹಾಲು ಕರೆಯುವ ಕೆಲಸ ನಿಮ್ಮದು.

ತಿಂಗಳಿನ ವಿಷಯ: ನವೆಂಬರಿನಿಂದ ಫೆಬ್ರುವರಿಯವರೆಗೆ ಕಾಫಿ ಕೊಯ್ಲು, ಒಣಗಿಸುವ ಕಣದ ಕೆಲಸ, ಆಗ ವಿಶ್ರಾಂತಿ ಎಂದರೂ ಮನೆಯಲ್ಲಿ ಕೂರಲು ಮನಸ್ಸು ಬಾರದು. ಜೂನ್ ಹಿಡಿದರೆ ಮಳೆ, ಶೀತ, ಒಣಗದ ಬಟ್ಟೆ. ಕೊಯ್ಲು ಮುಗಿದು ಹೂಮಳೆ ಬೀಳುವ ಹೊತ್ತು, ಅಂದರೆ ಮಾರ್ಚ್, ಏಪ್ರಿಲ್ ನಿಮಗೆ ಸರಿಹೊಂದೀತು. ಬೆವರಿನ ಕಾಲವಾದ್ದರಿಂದ ಒಳಉಡುಪು ನಾಲ್ಕು ಜೊತೆ ಇರಲಿ.

ಒಂದು ಬದಿ ಹಠಾತ್ತನೆ ಊದಿ ಬಿಗಿದರೆ, ಜ್ವರ ಬಂದರೆ, ಗಾಯ ಕೀವಾದರೆ, ತೊಟ್ಟು ಕಪ್ಪಿಡುತ್ತ ಬಂದರೆ ಸರ್ಜನ್‌ಗೆ ಕೂಡಲೇ ಫೋನ್ ಮಾಡಿ, ರಾತ್ರಿಯಾದರೂ ಸರಿ. ಮೀನಖಂಡದಲ್ಲಿ ನೋವು, ಬಾವು ಅಥವಾ ಉಸಿರುಕಟ್ಟುವಿಕೆ ಕಂಡರೆ ಫೋನಿಗೂ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಗೆರೆಗಳು ಕೂಡುವ ಮೂಲೆಯಲ್ಲಿ, ಮಡಿಕೆಯ ನಡುವೆ, ಗಾಯ ಸ್ವಲ್ಪ ಬಿಟ್ಟುಕೊಂಡು ಮಾಯಲು ತಡವಾಗುವುದು ಮಾತ್ರ ಸಾಮಾನ್ಯ. ಹೇಳಿದಂತೆ ಡ್ರೆಸಿಂಗ್ ಮಾಡಿಸಿದರೆ ಕೂಡಿಕೊಳ್ಳುತ್ತದೆ.

ಪ್ರಶ್ನೆ: ಸಿಸೇರಿಯನ್ ಆದ ಜಾಗದಲ್ಲಿ ನನಗೆ ದಪ್ಪನಾದ, ತುರಿಸುವ ಕಲೆ ಉಳಿದಿದೆ, ಕಿವಿಯಲ್ಲಿ ಎರಡನೆಯ ತೂತು ಚುಚ್ಚಿಸಿದಾಗಲೂ ಗಂಟಾಯಿತು. ವಯಸ್ಸು 34. ನಾನು ಲಿಫ್ಟ್ ಮಾಡಿಸಿಕೊಳ್ಳಬಹುದೇ? (ಹಾಸನ)

ಉತ್ತರ: ಕಿವಿಯ ಗಂಟು ಚುಚ್ಚಿದ ಜಾಗವನ್ನು ದಾಟಿ ಬೆಳೆದಿದ್ದರೆ ಅದು ಕೀಲಾಯ್ಡ್. ನಮ್ಮಂಥ ಕಂದು ಚರ್ಮದವರಲ್ಲಿ ಅದು ಹೆಚ್ಚು, ಅದರಲ್ಲೂ ಎದೆಯ ನಡುಭಾಗ, ಭುಜ, ಕಿವಿಹಾಲೆ ಅದಕ್ಕೆ ಇಷ್ಟವಾದ ಜಾಗಗಳು. ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ಹಿಂಜರಿಯುತ್ತಿದ್ದೆ. ಜೋಲನ್ನು ಬಟ್ಟೆ ಮರೆಮಾಡುತ್ತದೆ, ತುರಿಸುವ ಕೀಲಾಯ್ಡನ್ನು ಯಾವ ಬಟ್ಟೆಯೂ ಸುಮ್ಮನಾಗಿಸುವುದಿಲ್ಲ.

ಆದರೂ ಮಾಡಿಸಲೇಬೇಕೆಂದಿದ್ದರೆ ಆ ಎರಡೂ ಕಲೆಗಳನ್ನು ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ಸಿಸೇರಿಯನ್ ಕಲೆ ತನ್ನ ಗೆರೆಯೊಳಗೇ ದಪ್ಪವಾಗಿದ್ದರೆ ಅದು ಕೀಲಾಯ್ಡ್ ಅಲ್ಲ, ಕಾಲಕ್ರಮೇಣ ತಗ್ಗುವ ಬಗೆಯದು. ಗಾಯ ಮಾಯ್ದ ಮೇಲೆ ಸಿಲಿಕೋನ್ ಪಟ್ಟಿ ಅಥವಾ ಜೆಲ್ ಹಚ್ಚುವುದು, ದಪ್ಪಗಾಗತೊಡಗಿದರೆ ಬೇಗನೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುವುದು ಇವೆಲ್ಲ ಮೊದಲೇ ಮಾತಾಗಿರಲಿ. ಕಲೆ ಪಕ್ವವಾಗಿ ಮಾಸಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು. ಸರ್ಜನ್ ಹಳೆಯ ರೋಗಿಗಳ ಫೋಟೊ ತೋರಿಸಿದರೆ, ‘ಇದು ಶಸ್ತ್ರಚಿಕಿತ್ಸೆಯಾಗಿ ಎಷ್ಟು ತಿಂಗಳಿಗೆ ತೆಗೆದದ್ದು? ಈ ಬಣ್ಣದ ಚರ್ಮದವರದು ಇದೆಯೇ?’ ಎಂದು ಕೇಳಿ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ, 41 ವರ್ಷ. ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಲಿಫ್ಟ್ ಮಾಡಿಸಿದರೆ ಮುಂದೆ ಕ್ಯಾನ್ಸರ್ ಪತ್ತೆಯಾಗುವುದು ಕಷ್ಟವಾಗುವುದೇ? ವಿಮೆ ಸಿಗುವುದೇ? ವೈದ್ಯರನ್ನು ಹೇಗೆ ಆರಿಸಬೇಕು? (ಕಡೂರು)

ಉತ್ತರ: ಲಿಫ್ಟಿನಿಂದ ಕ್ಯಾನ್ಸರ್ ಬರುವುದಿಲ್ಲ, ಬರದಂತೆ ತಡೆಯುವುದೂ ಇಲ್ಲ. ನಿಮ್ಮ ವಯಸ್ಸಿಗೆ ಮತ್ತು ಕುಟುಂಬದ ಹಿನ್ನೆಲೆಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಮ್ಯಾಮೊಗ್ರಾಮ್ ಆಗಲೇಬೇಕು. ಆಮೇಲೆ ಆರು ತಿಂಗಳು ಕಳೆದು, ಬಾವು ಇಳಿದ ನಂತರ ಇನ್ನೊಂದು ತೆಗೆಸಿಟ್ಟುಕೊಂಡರೆ ಮುಂದಿನ ವರ್ಷಗಳ ಚಿತ್ರಗಳನ್ನು ಅದಕ್ಕೆ ಹೋಲಿಸಬಹುದು. ಒಳಗಿನ ಹೊಲಿಗೆಯ ಕಲೆ, ಕೊಬ್ಬು ಸತ್ತು ಗಟ್ಟಿಯಾದ ಗಂಟುಗಳು ಮ್ಯಾಮೊಗ್ರಾಮಿನಲ್ಲಿ ಕಾಣುವುದರಿಂದ, ಲಿಫ್ಟ್ ಆಗಿದೆಯೆಂದು ರೇಡಿಯಾಲಜಿಸ್ಟ್‌ಗೆ ಪ್ರತಿ ಸಲ ತಿಳಿಸಿ. ಗ್ರಂಥಿಯ ಭಾಗವನ್ನೇನಾದರೂ ತೆಗೆದರೆ ಅದನ್ನು ಪೆಥಾಲಜಿ ಪರೀಕ್ಷೆಗೆ ಕಳಿಸುವಂತೆ ಮೊದಲೇ ಕೇಳಿಕೊಳ್ಳಿ.

ವಿಮೆಯ ಆಸೆ ಇಟ್ಟುಕೊಳ್ಳಬೇಡಿ. ನಿಮ್ಮ ಆರೋಗ್ಯ ವಿಮೆಯ ಪಾಲಿಸಿಯಲ್ಲಿ ‘ಎಕ್ಸ್‌ಕ್ಲೂಷನ್ 08’ ಎಂಬ ಕಲಮನ್ನು ಓದಿ: ಅಪಘಾತ, ಸುಟ್ಟ ಗಾಯ, ಕ್ಯಾನ್ಸರಿನ ನಂತರದ ಪುನರ್ರಚನೆ ಅಥವಾ ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆ ಹೊರತು, ರೂಪ ಬದಲಿಸುವ ಶಸ್ತ್ರಚಿಕಿತ್ಸೆಗೆ ಹಣವಿಲ್ಲ. ಬೇಲೂರಿನ ಶಿಕ್ಷಕಿಯಂಥವರು ಆ ‘ಅಗತ್ಯ’ದ ಹಾದಿಯಲ್ಲಿ ವೈದ್ಯರ ಪತ್ರ ಲಗತ್ತಿಸಿ ಮೊದಲೇ ಅನುಮತಿ ಕೇಳಿ ನೋಡಬಹುದು.

ವೈದ್ಯರ ಆಯ್ಕೆಯಲ್ಲಿ ನಾಮಫಲಕದ ‘ಕಾಸ್ಮೆಟಿಕ್ ಸರ್ಜನ್’ ಎಂಬ ಪದವನ್ನು ಬಿಟ್ಟು ಅದರ ಕೆಳಗಿನ ಪದವಿ ನೋಡಿ. ಎಂ.ಸಿಎಚ್. ಅಥವಾ ಡಿ.ಎನ್.ಬಿ., ಮುಂದೆ ಪ್ಲಾಸ್ಟಿಕ್ ಸರ್ಜರಿ ಎಂದಿರಬೇಕು. ಅವರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯಲ್ಲಿ ನೋಡಬಹುದು. ಆಸ್ಪತ್ರೆಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರವಿರಬೇಕು. ಅರಿವಳಿಕೆ ತಜ್ಞರು ಯಾರು, ರಾತ್ರಿ ತೊಂದರೆಯಾದರೆ ಯಾರು ಬರುತ್ತಾರೆ, ಮತ್ತೊಮ್ಮೆ ಸರಿಪಡಿಸಬೇಕಾಗಿ ಬಂದರೆ ಖರ್ಚು ಯಾರದು ಎಂದು ಕೇಳಿ. ‘ಈ ವಾರ ಹಣ ಕಟ್ಟಿದರೆ ರಿಯಾಯಿತಿ’ ಎಂದವರ ಬಳಿ ಆ ವಾರ ಹಣ ಕಟ್ಟಬೇಡಿ.

ಪ್ರಶ್ನೆ: ಎರಡೂವರೆ ವರ್ಷದ ಹಿಂದೆ ಒಂದು ಕ್ಲಿನಿಕ್ಕಿನಲ್ಲಿ ಲಿಫ್ಟ್ ಮಾಡಿಸಿಕೊಂಡೆ. ಈಗ ಮತ್ತೆ ಕೆಳಗಿಳಿದಂತೆ ಕಾಣುತ್ತಿದೆ. ಬಲ ತೊಟ್ಟಿನಲ್ಲಿ ಸ್ಪರ್ಶವೇ ಇಲ್ಲ. ಕೇಳಲು ಹೋದರೆ ‘ಎಲ್ಲರಿಗೂ ಹೀಗೆಯೇ’ ಎಂದು ಕಳಿಸಿದರು. ನನಗೆ ಮೋಸವಾಯಿತೇ? ವಯಸ್ಸು 47. (ಚನ್ನರಾಯಪಟ್ಟಣ)

ಉತ್ತರ: ನಿಮ್ಮನ್ನು ಪರೀಕ್ಷಿಸದೆ ಮೋಸವೆಂದು ಹೇಳಲಾರೆ, ಮೋಸವಲ್ಲವೆಂದೂ ಹೇಳಲಾರೆ. ಎತ್ತಿ ಕೂರಿಸಿದ ಸ್ತನ ಮೊದಲ ತಿಂಗಳುಗಳಲ್ಲಿ ಸ್ವಲ್ಪ ಇಳಿದು ನೆಲೆನಿಲ್ಲುತ್ತದೆ. ಆಮೇಲೂ ವಯಸ್ಸು, ತೂಕದ ಏರಿಳಿತ, ಮುಟ್ಟು ನಿಲ್ಲುವ ಕಾಲದ ಬದಲಾವಣೆ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಚರ್ಮವನ್ನಷ್ಟೇ ಬಿಗಿದು ಒಳಗಿನ ಗ್ರಂಥಿಗೆ ಆಧಾರ ಕೊಡದಿದ್ದರೆ ಇಳಿಯುವುದು ಇನ್ನೂ ಬೇಗ. ಸ್ಪರ್ಶ ಕಡಿಮೆಯಾಗುವುದು ತಿಳಿದಿರುವ ತೊಡಕು, ಎಷ್ಟೋ ಜನರಿಗೆ ತಿಂಗಳುಗಳಲ್ಲಿ ಮರಳುತ್ತದೆ. ಎರಡೂವರೆ ವರ್ಷದ ನಂತರ ಹೆಚ್ಚು ನಿರೀಕ್ಷಿಸುವಂತಿಲ್ಲ ಎಂದು ಹೇಳಲು ನನಗೂ ಬೇಸರ. ಇದೆಲ್ಲವನ್ನೂ ಶಸ್ತ್ರಚಿಕಿತ್ಸೆಗೆ ಮೊದಲು, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೇ ಎಂಬುದು ಇಲ್ಲಿನ ಪ್ರಶ್ನೆ.

ಬೇರೊಬ್ಬ ಪ್ಲಾಸ್ಟಿಕ್ ಸರ್ಜನ್‌ರ ಅಭಿಪ್ರಾಯ ಪಡೆಯಿರಿ. ಎರಡನೆಯ ಸಲ ಕೊಯ್ಯುವಾಗ ತೊಟ್ಟಿಗೆ ರಕ್ತ ಯಾವ ಕಡೆಯಿಂದ ಬರುವಂತೆ ಮೊದಲ ಸಲ ಉಳಿಸಿದ್ದರು ಎಂಬುದು ಅವರಿಗೆ ಗೊತ್ತಿರಲೇಬೇಕು, ಇಲ್ಲದಿದ್ದರೆ ತೊಟ್ಟಿಗೇ ಅಪಾಯ. ಅದು ಬರೆದಿರುವುದು ಮೊದಲ ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ರೋಗಿ ಕೇಳಿದರೆ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕೆಂದೂ ಅದೇ ನಿಯಮ ಹೇಳುತ್ತದೆ, ಅಂದರೆ ನಿಮಗೆ ಉಳಿದಿರುವುದು ಆರು ತಿಂಗಳು. ಬಾಯಿಮಾತಿನಲ್ಲಿ ಕೇಳಬೇಡಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಒಪ್ಪಿಗೆ ಪತ್ರ, ಡಿಸ್ಚಾರ್ಜ್ ಸಾರಾಂಶ ಬೇಕೆಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ.